ಇಪ್ಪತ್ತಾರು ಯೂರೋದ ಊಟ

ರೇಟಿನ ಮ್ಯಾಲೆ ಸಿಟ್ಟಾಗೋ ಮನುಷ್ಯಾ ಅಲ್ಲ ನಾನು.
ನಾನೂರಾ ಇಪ್ಪತ್ತಕ್ಕ ಕೈಬಿಡೋ ಪ್ಯಾಂಟಿಗೆ
ಸಾವಿರದ ನಾನೂರಾ ತೊಂಬತ್ತೊಂಬತ್ತರ ಚೀಟಿ
ನನ್ನ ಕೈಯಿಂದನ ಕಟ್ಟಿ ಕಳಿಸ್ತೀನಿ.
ಆದರೂ ಖಾಜಾ, ಆ ರಾತ್ರಿ ಮಿಲಾನಿನಾಗ—
ಕತ್ತರಿ ಕೆಳಗಿಡು.
ಕರೆಂಟ್ ಬರೂತನಕ ಹೇಳಿ ಮುಗಸ್ತೀನಿ.

ಹಗಲೆಲ್ಲ ಮಷೀನ್ ಮೇಳ.
ಗುಂಡಿ ಹಚ್ಚೋ ಮಷೀನು ನಮ್ಮ ಮೆಹಬೂಬಿಗಿಂತ
ಹತ್ತುಪಟ್ಟು ಜೋರು, ಹಾಡು ಮಾತ್ರ ಹೇಳಂಗಿಲ್ಲ.
ಸಂಜೀಕ ಹಸಿವು.
ನನ್ನ ಹೊಟ್ಟಿ ನಿನಗ ಗೊತ್ತಲ್ಲ,
ಗೋಧಿ ಒಂದು ಚೂರು ಹೋದರೂ ಮೂರು ದಿನ ಮಲಗಿಸ್ತೈತಿ.
ಡಾಕ್ಟರು ಬರಕೊಟ್ಟ ಕಾಗದ ಹಿಡಕೊಂಡು
ನಾಕು ಹೋಟೆಲಿನ ಬಾಗಲಾ ಹತ್ತಿ ಇಳದೆ.
ಕಡೀದರಾಗ ತಲಿ ಆಡಿಸಿದರು:
ಗ್ಲುಟೆನ್ ಫ್ರೀ? ಸೀ, ಸೀ.
ಸೀ ಅಂದರ ಸಿಹಿ ಅಲ್ಲಂತ, ಹೂಂ ಅಂತ.

ಬಿಳೀ ಹಾಸು. ಮೇಣದಬತ್ತಿ.
ಕರೆಂಟ್ ಇದ್ದೂ ಮೇಣದಬತ್ತಿ!
ನೀರಿಗೇ ಐದು ಯೂರೋ.
ಮಾಣಿಯ ಏಪ್ರನ್ನು ನಮ್ಮ ಬಟ್ಟಿ, ಡೆನಿಮ್ಮು.
ಜೇಬಿನ ಮೂಲಿಗೆ ಟಾಕಿ ಸರಿಯಾಗಿ ಕೂತಿಲ್ಲ.
ಊಟಕ್ಕ ಬಂದವ ಹೊಲಿಗಿ ನೋಡ್ಕೋತ ಕುಂತೆ.
ಎಲ್ಲಿ ವಾಷ್ ಮಾಡಿಸೀರಿ ಅಂತ ಕೇಳಿದೆ.
ಅವ ಇನ್ನೊಂದು ನೀರಿನ ಬಾಟಲಿ ತಂದ.
ಇನ್ನೈದು.

ಮುಕ್ಕಾಲು ತಾಸಿಗೆ ಬಂತು.
ಹಾರ್ಮೋನಿಯಂ ಅಗಲದ ತಟ್ಟಿ, ನಡುವ ಒಂದು ಹಿಡಿ ಪಾಸ್ತಾ.
ಮುಳ್ಳುಚಮಚಾ ತಾಗಿದರ ರವಾ ಆಗೂದು,
ಬಾಯಾಗಿಟ್ಟರ ಅಂಟಾಗೂದು.
ಸೊಂಟಪಟ್ಟಿಯೊಳಗ ಹಾಕೋ ಕ್ಯಾನ್ವಾಸ್ ಐತಲ್ಲ,
ಅದನ್ನ ನೆನಿಸಿ ಕುದಿಸಿದಂಗ.
ಮ್ಯಾಲೆ ಎರಡು ಎಲಿ, ನಮ್ಮ ಕಟ್ಟಿತುಳಸಿಯ ಸೋದರಮಾವ.
ಉಪ್ಪು ಬ್ಯಾರೆ ಯಾರದೋ ಟೇಬಲ್ಲಿಗೆ ಹೋಗಿತ್ತು.
ಖಾರ ಕೇಳಿದೆ.
ಕರಿಮೆಣಸಿನ ಗದೆ ಹೊತ್ತು ಭೀಮನಂಗ ಬಂದು
ಎರಡು ಸುತ್ತು ತಿರುವಿ ಹೋದ.

ಇಪ್ಪತ್ತಾರು.
ಇದರಾಗ ಏನೇನು ಐತಪಾ ಅಂತ ಕೈಸನ್ನಿ ಮಾಡಿದೆ.
ಒಳಗ ಹೋಗಿ ಖಾಲಿ ಪಾಕೀಟು ತಂದ.
ಅಕ್ಕಿಯ ಚಿತ್ರ ಇತ್ತು. ಮೆಕ್ಕಿಜೋಳ ಇತ್ತು.
ಮೂರನೇದು, ಖಾಜಾ, ಕನ್ನಡಕ ಒರಿಸಿ ನೋಡಿದೆ,
ಬಿಳಿಜೋಳದ ತೆನಿ.
ರೂಪನಗುಡಿ ರಸ್ತೆದಾಗ
ಬಸ್ಸಿನ ಕಿಟಕಿಗೆ ನಿಂತು ನೋಡ್ತೈತಲ್ಲ, ಅದ.
"ಸೋರ್ಗೋ" ಅಂದ ಮಾಣಿ ತುಟಿ ದುಂಡಗ ಮಾಡಿ,
ಯಾರೋ ದೊಡ್ಡವರ ಹೆಸರು ಹೇಳಿದಂಗ.

ನಗು ಬರಲಿಲ್ಲ ಮಾರಾಯಾ.
ಎರಡು ಮಷೀನು ಇದ್ದಾಗ ನಮ್ಮ ಮನಿಯಾಗ ಎರಡು ಹೊತ್ತೂ ರೊಟ್ಟಿ.
ಎಂಟಾದಾಗ ರಾತ್ರಿ ಚಪಾತಿ.
ಇಪ್ಪತ್ತಾದ ವರ್ಷ ರೊಟ್ಟಿಹಂಚು ಅಟ್ಟಾ ಏರ್ತು.
ಬೀಗರು ಬಂದಾರ, ಬಡಿಯೋ ಸಪ್ಪಳ
ಬೀದಿಗೆ ಕೇಳಬಾರದು, ಅಂದವ ನಾನ.
ರಖಮಾಬಾಯಿ ಏನೂ ಅನ್ನಲಿಲ್ಲ, ಕೈ ತೊಳಕೊಂಡಳು.
ಆಮ್ಯಾಲೆ ಎಂಟು ವರ್ಷ
ನನ್ನ ಹೊಟ್ಟಿಯೊಳಗ ಜಗಳ.

ಈಗ ಅಕಿ ಬಡದರ ಅಂಚು ಸೀಳ್ತೈತಿ.
"ಕೈಗೆ ಹದ ಮರತೈತ್ರೀ" ಅಂತಾಳ.
ಖರೇ ಮರತಾಳೋ, ಬೇಕಂತ ಮರತಾಳೋ,
ಕೇಳೋ ಧೈರ್ಯ ಇಲ್ಲ.
ಮಿಲಾನಿನಿಂದ ಮಡಚಿ ತಂದ ಆ ಪಾಕೀಟಿನಾಗ
ಗುಂಡಸೂಜಿ ಹಾಕಿಟ್ಟಾಳ.

ಕೌಲ್ ಬಜಾರಿನ ಹುಲಿಗೆಮ್ಮ ಇಲ್ಲಂದರ ನಾನು ಉಪವಾಸ.
ಹತ್ತು ರೂಪಾಯಿಗೊಂದು ಕೊಡ್ತಿದ್ದಳು ರೊಟ್ಟಿ,
ಉಬ್ಬಿದ್ದು, ಒಂದು ಕಡಿ ಸುಟ್ಟ ಕಲಿ ಇದ್ದದ್ದು,
ಜೋಡಿ ಗುರೆಳ್ಳು ಪುಡಿ ಪುಕ್ಕಟ.
ನಿನ್ನೆ ಹನ್ನೆರಡು ಅಂದಳು.
"ಯಾಕಬೇ ಏರಿಸಿದಿ?" ಅಂದೆ.
ಅಕಿ ನನ್ನ ಚೀಲದಾಗ ಇಣುಕಿದಳು,
ಹೊಸ ಪ್ಯಾಂಟು, ಅದಕ್ಕ ಕಟ್ಟಿದ ಚೀಟಿ.
ಓದಾಕ ಬರಂಗಿಲ್ಲ ಅಕಿಗೆ.
ಅಂಕಿ ಬರ್ತಾವು.
ಹನ್ನೆರಡು ಎಣಿಸಿ ಕೊಟ್ಟು ಬಂದೆ.

ಹಾಂ, ಬಂತು ಕರೆಂಟು.
ಆ ಮಾಣಿಗೆ ಎಷ್ಟು ಟಿಪ್ ಕೊಟ್ಟೆ ಅಂತ
ಕೇಳಬ್ಯಾಡ.
ಹಳದೀ ದಾರ ಪೋಣಿಸು.